ಕಣ್ಣಿಗೂ ಕಟ್ಟು ಪದ್ಧತಿ

ಮಂಡ್ಯ ಕಡೆಯ ಗಂಡಸು ನಾಲ್ಕು ಜನರೆದುರು ಕಣ್ಣೊರೆಸಿಕೊಂಡರೆ ಅದಕ್ಕೆ ಮೂರೇ ಕಾರಣ ಇರಬೇಕು: ಕಬ್ಬಿನ ಬಾಕಿ ಬಂದಿಲ್ಲ, ನಾಲೆಗೆ ನೀರು ಬಿಟ್ಟಿಲ್ಲ, ಇಲ್ಲವೇ ಬೀಗರು ಬಾಡೂಟಕ್ಕೆ ಕರೆದಿಲ್ಲ. ಕಣ್ಣು ಒಣಗಿದೆ, ಅದಕ್ಕೇ ನೀರು ಬರುತ್ತಿದೆ ಎಂದು ನಾನು ನಾಲ್ಕನೆಯದೊಂದನ್ನು ಹೇಳಹೋದರೆ ಯಾರೂ ನಂಬಲೊಲ್ಲರು.

ನನ್ನದು ವಿಮೆ ಕೆಲಸ. ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತುವುದೇ ಕಸುಬು. ಅರ್ಧ ದಿನ ಬೈಕು, ಅರ್ಧ ದಿನ ಕಂಪ್ಯೂಟರು. ಬೈಕು ಹತ್ತಿದರೆ ಮುಂದೆ ಕಬ್ಬಿನ ಲಾರಿ ಎಬ್ಬಿಸುವ ಧೂಳು, ಪಕ್ಕದ ಗದ್ದೆಯಲ್ಲಿ ಕಬ್ಬಿನ ತರಗಿಗೆ ಇಟ್ಟ ಬೆಂಕಿ, ಅದನ್ನು ದಾಟಿದೆ ಅನ್ನುವಷ್ಟರಲ್ಲಿ ಆಲೆಮನೆ. ಬೆಲ್ಲದ ಘಮ ಮೂಗಿಗೆ, ಹೊಗೆ ಕಣ್ಣಿಗೆ. ಕಚೇರಿಗೆ ಬಂದು ಪರದೆ ಮುಂದೆ ಕೂತರೆ ರೆಪ್ಪೆಗಳು ಮುಷ್ಕರ ಹೂಡುತ್ತವೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ಬಡಿಯಬೇಕಾದವು ಪರದೆ ಕಂಡರೆ ಅರ್ಧಕ್ಕೂ ಇಳಿಯುತ್ತವಂತೆ. ಸಂಜೆ ಹೊತ್ತಿಗೆ ಕಣ್ಣಲ್ಲಿ ಮರಳು. ಮರುಗಳಿಗೆಗೇ ದಳದಳ ನೀರು.

ಮದ್ದೂರಿಂದ ಮಳವಳ್ಳಿ ಬಸ್ಸು ಹತ್ತಿದ್ದಾಗ ಪಕ್ಕದಲ್ಲಿ ಕೂತ ಅಜ್ಜಿ ಎಲೆಯಡಿಕೆ ಚೀಲ ಮಡಿಚಿಟ್ಟು ಕೇಳಿದರು: “ಯಾರ್ ಹೋಗ್ಬುಟ್ರಪ್ಪಾ?”

“ಯಾರೂ ಇಲ್ಲ ಕಣಜ್ಜಿ. ಕಣ್ಣು ಒಣಗೋಗಿದೆ.”

“ಅಷ್ಟ್ ನೀರ್ ಸುರೀತಾ ಅದೆ, ಒಣಗೋಗದೆ ಅಂತೀಯಲ್ಲ! ಮನೇಲಿ ಜಗಳ ಆಡ್ಕೊಂಡ್ ಬಂದಿದ್ದೀಯಾ, ಅದ್ನ ಹೇಳು.” ಮಳವಳ್ಳಿ ಬರುವವರೆಗೂ ನನ್ನ ಹೆಂಡತಿಗೆ ಬುದ್ಧಿಮಾತು ನಡೆಯಿತು, ಕೇಳಿಸಿಕೊಂಡವನು ನಾನು.

ಔಷಧಿಗೇನೂ ಬರವಿರಲಿಲ್ಲ. ಒಬ್ಬರು ನಂದಿಬಟ್ಟಲು ಹೂವಿನ ರಸ ಹಿಂಡು ಎಂದರು, ಇನ್ನೊಬ್ಬರು ಹರಳೆಣ್ಣೆ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ದಲ್ಲಾಳಿಯಾಗಿರುವ ಗೆಳೆಯ ಅಲ್ಲೇ ಒಂದು ಬುರುಡೆ ಕೆತ್ತಿ, “ಎರಡು ತೊಟ್ಟು ಬಿಟ್ಕೊ, ಮಿಕ್ಕಿದ್ದು ಕುಡ್ಕೊ” ಎಂದ. ಮಿಕ್ಕಿದ್ದಷ್ಟೇ ಅಲ್ಲ, ಆ ಎರಡು ತೊಟ್ಟನ್ನೂ ಕುಡಿದೆ. ದೊಡ್ಡಮ್ಮ ಪಕ್ಕದ ಮನೆ ಬಾಣಂತಿಯ ಎದೆಹಾಲು ತಂದು ಹಾಕು ಎಂದರು. ಹೋಗಿ ಕೇಳುವುದು ಹೇಗೆಂದು ಮಾತ್ರ ಹೇಳಲಿಲ್ಲ. ಹೊನಗೊನ್ನೆ ಸೊಪ್ಪಿನ ಪಲ್ಯಕ್ಕೆ ನನ್ನ ತಕರಾರಿಲ್ಲ, ಅದು ಬಾಯಿಗೆ ಹೋಗುವಂಥದು. ಕಣ್ಣೊಳಗೆ ಹೋಗುವುದು ಶುದ್ಧವಾಗಿರಬೇಕು ಎಂದು ಕಣ್ಣಿನ ಡಾಕ್ಟರ ಬಳಿ ಹೋದೆ.

ಅವರು ಕೆಳರೆಪ್ಪೆಗೆ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ ಐದು ನಿಮಿಷ ಸುಮ್ಮನೆ ಕೂರಿ ಎಂದರು. ಜರ್ಮನಿಯ ಶಿರ್ಮರ್ ಎಂಬ ವೈದ್ಯ 1903ರಲ್ಲಿ ಬಳಕೆಗೆ ತಂದ ಪರೀಕ್ಷೆಯಂತೆ. ಎರಡೂ ಕಣ್ಣಿಂದ ಚೀಟಿ ಜೋತುಬಿದ್ದ ನನ್ನನ್ನು ನೋಡಿ ಎದುರು ಬೆಂಚಿನ ಮಗು ಅಳು ನಿಲ್ಲಿಸಿತು. ಕಾಗದ 10 ಮಿಲಿಮೀಟರಿಗೂ ಹೆಚ್ಚು ನೆನೆದರೆ ಚಿಂತೆಯಿಲ್ಲ. ನನ್ನದು ನಾಲ್ಕಕ್ಕೇ ನಿಂತಿತ್ತು.

ಡಾಕ್ಟರು ವಿವರಿಸಿದರು. ಕಣ್ಣೀರು ಬರೀ ನೀರಲ್ಲ; ಒಳಗೆ ಲೋಳೆ, ನಡುವೆ ನೀರು, ಮೇಲೆ ತೆಳ್ಳಗೆ ಎಣ್ಣೆ. ಎಣ್ಣೆ ಬರುವುದು ರೆಪ್ಪೆಯಂಚಿನ ಗ್ರಂಥಿಗಳಿಂದ. ಅದು ಕಮ್ಮಿಯಾದರೆ ನೀರು ಆರುತ್ತದೆ, ಕಣ್ಣು ಉರಿಯುತ್ತದೆ, ಗಾಬರಿಬಿದ್ದ ಕಣ್ಣೀರ ಗ್ರಂಥಿ ಒಮ್ಮೆಲೇ ಸುರಿಸುತ್ತದೆ. ಸುರಿದದ್ದು ಕೆನ್ನೆಗೆ ಹೋಗುತ್ತದೆಯೇ ಹೊರತು ಕಣ್ಣಲ್ಲಿ ನಿಲ್ಲುವುದಿಲ್ಲ.

ಇದು ಡಾಕ್ಟರಿಗಿಂತ ಚೆನ್ನಾಗಿ ಅರ್ಥವಾದದ್ದು ಮಳವಳ್ಳಿಯ ನಮ್ಮ ಭಾವನಿಗೆ. ಅವರ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದಲ್ಲಿದೆ. ಕನ್ನಂಬಾಡಿ ಕಟ್ಟೆ ತುಂಬಿದ್ದನ್ನು ಅವರು ಹೆಚ್ಚಾಗಿ ಪೇಪರಿನಲ್ಲೇ ನೋಡುವುದು. “ಹಂಗಾದ್ರೆ ನಿನ್ ಕಣ್ಣೂ ಕೊನೇ ಭಾಗದ ಜಮೀನು ಅನ್ನು. ಕೊಚ್ಕೊಂಡೋಗೋ ಮಳೆ ಬೆಳೆಗಾಯ್ತದಾ? ಕಟ್ಟು ಪದ್ಧತೀಲಿ, ನಾಲೆಗೆ ಸರದಿ ಮೇಲೆ ಬಿಟ್ಟಂಗೆ, ಅಷ್ಟಷ್ಟೇ ಬಿಡ್ಬೇಕು.” ಡಾಕ್ಟರ ಚೀಟಿಯಲ್ಲೂ ಇದ್ದದ್ದು ಅದೇ: ದಿನಕ್ಕೆ ನಾಲ್ಕು ಸಲ, ಒಂದೊಂದೇ ಹನಿ. ಹನಿಯಲ್ಲಿರುವುದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಗಿಡಮರದ ನಾರಿನಿಂದ ಮಾಡುವ ವಸ್ತು. ಐಸ್‌ಕ್ರೀಮು ಗಟ್ಟಿಯಾಗಲೂ ಇದನ್ನು ಹಾಕುತ್ತಾರೆ ಎಂದು ತಿಳಿದ ಮೇಲೆ ನನ್ನ ಮಗನಿಗೆ ಕಣ್ಣುರಿ ಶುರುವಾಗಿದೆ.

ಹನಿ ಹಾಕಿಕೊಳ್ಳುವುದಿದೆಯಲ್ಲ, ಅದು ಕಲಿತು ಬರಬೇಕಾದ ವಿದ್ಯೆ. ಕತ್ತು ಮೇಲೆತ್ತಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಕಣ್ಣು ಮಾತ್ರ ಬಿಗಿಯಾಗಿ ಮುಚ್ಚುತ್ತದೆ. ರೈಲು ಮದ್ದೂರು ಬಿಡುವ ಹೊತ್ತಿಗೆ ನಾನು ಹೀಗೆ ಬಾಯಿ ಬಿಟ್ಟು ಕೂತಿದ್ದರೆ, ವಡೆ ಮಾರುವವನು ನೇರ ನನ್ನೆದುರೇ ಬುಟ್ಟಿ ಇಳಿಸುತ್ತಾನೆ. ಅವನದೇನು ತಪ್ಪು? ಕೆಳರೆಪ್ಪೆಯನ್ನು ಬೆರಳಲ್ಲಿ ಎಳೆದು ಆ ಗುಳಿಯೊಳಗೆ ಒಂದು ಹನಿ ಬಿಟ್ಟು, ಒಂದು ನಿಮಿಷ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಮೆಲ್ಲಗೆ ಒತ್ತಿದರೆ ಕೆಲಸ ಮುಗಿಯಿತು. ಒತ್ತದಿದ್ದರೆ ಔಷಧಿ ಮೂಗಿನ ಕೊಳವೆ ಹಿಡಿದು ಗಂಟಲಿಗೆ ಇಳಿಯುತ್ತದೆ. “ದುಡ್ಡು ಕೊಟ್ಟಿಲ್ವಾ, ಇನ್ನೊಂದು ಹನಿ ಹಾಕಿ” ಎಂಬ ಮನೆಯವಳ ಲೆಕ್ಕ ಇಲ್ಲಿ ನಡೆಯದು. ಕಣ್ಣಿಗೆ ಒಂದು ಹನಿಯೇ ಹೆಚ್ಚು.

ಈಗ ನನಗೆ ಆರಾಮ. ಆದರೂ ಓದುಗರಲ್ಲಿ ಒಂದು ಮನವಿ. ಮೆಡಿಕಲ್ ಸ್ಟೋರಿಗೆ ಹೋಗಿ “ಕಣ್ಣಿಗೊಂದು ಡ್ರಾಪ್ಸ್ ಕೊಡಿ” ಎಂದಷ್ಟೇ ಹೇಳಬೇಡಿ. ಸ್ಟಿರಾಯ್ಡ್ ಇರುವ ಹನಿ ಕೈಗೆ ಬಂದು ಅದನ್ನೇ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಡಾಕ್ಟರು ಬರೆದದ್ದನ್ನೇ ಕೊಳ್ಳಿ. ಸೀಸೆಯ ಮೂತಿ ಕಣ್ಣಿಗೆ ತಾಗಿಸಬೇಡಿ, ಮುಚ್ಚಳ ತೆರೆದ ತಾರೀಕನ್ನು ಅದರ ಮೇಲೇ ಬರೆದಿಡಿ. ತಿಂಗಳಾದ ಮೇಲೆ ಅರ್ಧ ಉಳಿದಿದ್ದರೂ ಎಸೆಯಿರಿ, ಎಮ್ಮೆ ಕಣ್ಣಿಗಾದರೂ ಆದೀತು ಎಂದು ಕೊಟ್ಟಿಗೆ ಗೂಡಿನಲ್ಲಿ ಎತ್ತಿಡಬೇಡಿ.