ಲಾಟ್ ನಂಬರಿನ ವಕೀಲರು

ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ 109ನೇ ನಂಬರಿನ ಟ್ರ್ಯಾಮ್ ಮುಗಿಯುತ್ತದೆ. ನಮ್ಮ ವಕೀಲರ ಮಾತು ಮುಗಿಯುವುದಿಲ್ಲ. ಬೆಂಗಳೂರಿನಲ್ಲಿ ಸೈಟ್ ಪತ್ರ ನೋಡುತ್ತಿದ್ದವರು ಇಲ್ಲಿ ಓನರ್ಸ್ ಕಾರ್ಪೊರೇಶನ್ ಕಾನೂನು ಹಿಡಿದರು. ಅಂದರೆ ನಮ್ಮೂರ ಅಪಾರ್ಟ್‌ಮೆಂಟ್ ಅಸೋಸಿಯೇಶನ್ನಿನ ಜಗಳವೇ, 2006ರ ಕಾಯ್ದೆಯ ಸಮೇತ. ಸ್ಟೇಷನ್ ಸುತ್ತ ಫ್ಲಾಟುಗಳು ಮೇಲೆದ್ದಂತೆ ಅವರ ಫೀಸೂ ಮಹಡಿ ಹತ್ತಿತು.

ನಾಯಿ ಕಂಡರೆ ನಾವು ಹೆಸರು ಕೇಳುತ್ತೇವೆ, ಅವರು ತೀರ್ಪು ಹೇಳುತ್ತಾರೆ: ಸಾಕುಪ್ರಾಣಿಯೇ ಕೂಡದೆಂದ ಸಿಡ್ನಿಯ ಹೊರೈಜನ್ ಕಟ್ಟಡದ ನಿಯಮವನ್ನು 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಹೊಡೆದುಹಾಕಿತು. ಗೆದ್ದ ನಾಯಿಯ ಹೆಸರು ಆಂಗಸ್.

ನಮ್ಮ ಬಚ್ಚಲಿನ ಸೂರು ಸೋರತೊಡಗಿದಾಗ ಅವರು ಸಿಕ್ಕಿದ್ದು ಒಂದು ನಾಮಕರಣದ ಊಟದಲ್ಲಿ.

"ಸಾರ್, ಮೇಲಿನವರ ಪೈಪು ಸೋರ್ತಿದೆ."

"ಮೇಲಿನವರದು ಅಂತ ಯಾರು ತೀರ್ಮಾನಿಸಿದ್ದು?" ಎಂದವರೇ ತಟ್ಟೆಯಲ್ಲಿ ಚಿತ್ರಾನ್ನದ ಗೋಡೆ ಎಬ್ಬಿಸಿದರು. ಪ್ಲಾನಿನಲ್ಲಿ ಗಡಿ ಗೋಡೆಯ ಒಳಮೈ ಎಂದಿದ್ದರೆ ಗೋಡೆ ಎಲ್ಲರದು. ನಡುಮಧ್ಯ ಎಂದಿದ್ದರೆ ಅರ್ಧ ನಿಮ್ಮದು. ಪೈಪು ಒಂದೇ ಮನೆಯದೋ, ನಾಲ್ಕಾರು ಮನೆಯದೋ? ಮೊದಲು ಲಿಖಿತ ದೂರು. ನೋಟಿಸು ಹೊರಟರೆ ಸರಿಪಡಿಸಲು 28 ದಿನ. ಆಮೇಲೆ ಅಂತಿಮ ನೋಟಿಸು. ಕೊನೆಗೆ ವಿಕ್ಯಾಟ್ ನ್ಯಾಯಮಂಡಳಿ. ಕೋಸಂಬರಿ ವಿಕ್ಯಾಟ್ ತಲುಪುವಷ್ಟರಲ್ಲಿ ಆಚೆ ಪಾಯಸ ಖಾಲಿ.

"ಖರ್ಚು?" ಎಂದೆ. ಸಂಘದ ಮೇಲೆ ನೀವು ಕೇಸು ಹಾಕಿದರೆ ಎದುರು ವಕೀಲರ ಫೀಸಿಗೂ ನಿಮ್ಮ ಲೆವಿಯ, ಅಂದರೆ ನಮ್ಮೂರ ಮೇಂಟೆನೆನ್ಸಿನ, ಪಾಲು ಸೇರುತ್ತದೆ ಎಂದು ಅವರು ಪ್ರೀತಿಯಿಂದಲೇ ವಿವರಿಸಿದರು.

ಮನೆಗೆ ಬಂದವನು, ಲಿಫ್ಟಿನಲ್ಲಿ ಬರೀ ತಲೆಯಾಡಿಸಿ ವರ್ಷಗಳನ್ನು ಕಳೆದಿದ್ದ ಶೂರ, ಮೊದಲ ಸಲ ಮೇಲಿನ ಮನೆಯ ಬಾಗಿಲು ತಟ್ಟಿದೆ. ಚೀನೀ ಅಜ್ಜಿ ನನಗಿಂತ ಹೆಚ್ಚು ಹೆದರಿದ್ದರು. ಮಾರನೇ ದಿನವೇ ಪ್ಲಂಬರ್ ಬಂದ. ವಕೀಲರಿಗೆ ಹೇಳಿದರೆ ಮುಖ ಬಾಡಿತು: "ಬರವಣಿಗೆಯಲ್ಲಿ ತಗೊಂಡಿರಾ?"

ಆದರೂ ಬೈಯಲು ಮನಸ್ಸು ಬಾರದು. ಲಿಫ್ಟಿನ ಸದ್ದಿನ ಬಗ್ಗೆ ದೂರಲು ಮತ್ತೆ ಮತ್ತೆ ಫೋನ್ ಮಾಡುವ ಮುದುಕರೊಬ್ಬರಿದ್ದಾರೆ. ಲಿಫ್ಟು ಎಂದೋ ರಿಪೇರಿಯಾಗಿದೆ, ಅದು ಇಬ್ಬರಿಗೂ ಗೊತ್ತು. ಆ ಕರೆಗಳಿಗೆ ವಕೀಲರು ಬಿಲ್ ಕಳಿಸುವುದಿಲ್ಲ. ನೂರಾರು ಮನೆಗಳ ಕಟ್ಟಡದಲ್ಲಿ ಎಲ್ಲರೂ ಗೊತ್ತಿರುವುದು ಅವರೊಬ್ಬರಿಗೇ, ಅದೂ ಪ್ಲಾನಿನಲ್ಲಿ ಫ್ಲಾಟಿಗೆ ಕೊಟ್ಟ ಲಾಟ್ ನಂಬರಿನಿಂದ. ನೆರೆಹೊರೆ ಇರಬೇಕಾದ ಜಾಗದಲ್ಲಿ ವಕೀಲರಿದ್ದಾರೆ. ಅದು ಅವರ ತಪ್ಪಲ್ಲ.

ಅಂದಹಾಗೆ, ಅವರು ಸ್ವಂತಕ್ಕೆ ಕೊಂಡಿದ್ದು ಒಂಟಿ ಮನೆ. ಈಗ ಪಕ್ಕದವರೊಡನೆ ಬೇಲಿಯ ತಕರಾರು ನಡೆಯುತ್ತಿದೆ. ಫ್ಲಾಟ್ ಕೊಳ್ಳುವವರಿಗೆ ನನ್ನದು ಎರಡೇ ಮಾತು: ಕೊಳ್ಳುವ ಮುಂಚೆ ಓನರ್ಸ್ ಕಾರ್ಪೊರೇಶನ್ ಸರ್ಟಿಫಿಕೇಟನ್ನು ಪೂರ್ತಿ ಓದಿ, ಕೊಂಡ ವಾರವೇ ಮೇಲಿನ ಮನೆಯವರ ಹೆಸರು ಕೇಳಿಟ್ಟುಕೊಳ್ಳಿ.