ಮಾರಲೂ ಬೇಡಿ, ಮುಚ್ಚಲೂ ಬೇಡಿ

ನಿಮ್ಮ ವೆಬ್ ಕಂಪನಿ ಕುಂಟುತ್ತಿದೆ. ಬ್ಯಾಂಕಿನಲ್ಲಿ ಇನ್ನೊಂದು ಒಂಬತ್ತು ತಿಂಗಳಿಗಾಗುವಷ್ಟು ದುಡ್ಡಿದೆ. ಮಾರುವುದೋ ಮುಚ್ಚುವುದೋ ಎಂಬ ಪ್ರಶ್ನೆ ರಾತ್ರಿ ಎರಡಕ್ಕೆ ಎಬ್ಬಿಸಿ ಕೂರಿಸುತ್ತಿದೆ. ಗಾಬರಿಯಾಗಬೇಡಿ, ಮಗ್ಗುಲು ಬದಲಿಸಿ ಮಲಗಿ. ಒಂಬತ್ತು ತಿಂಗಳು ಸುಮ್ಮನಿದ್ದರೆ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ. ಆಗ ಕೊಳ್ಳುವವರೂ ಇರುವುದಿಲ್ಲ, ಮುಚ್ಚುವ ಖರ್ಚಿಗೆ ಕಾಸೂ ಇರುವುದಿಲ್ಲ. ಆ ನೆಮ್ಮದಿಯನ್ನು ಕ್ರಮವಾಗಿ ತಲುಪುವ ದಾರಿ ಇಲ್ಲಿದೆ. ಅನುಕೂಲಕ್ಕಾಗಿ, ನಿಮ್ಮದು ಕಲ್ಯಾಣ ಮಂಟಪ ಬುಕ್ ಮಾಡಿಕೊಡುವ ತಾಣ, ಎಚ್‌ಎಸ್‌ಆರ್ ಲೇಔಟಿನಲ್ಲಿ ಆಫೀಸು ಎಂದಿಟ್ಟುಕೊಳ್ಳಿ.

ಮೊದಲು ಡ್ಯಾಶ್‌ಬೋರ್ಡ್ ಸರಿಪಡಿಸಿ. ಈ ತಿಂಗಳು ಎಷ್ಟು ಜನ ದುಡ್ಡು ಕೊಟ್ಟರು ಎಂಬ ಅಂಕಿಯನ್ನು ತೆಗೆದುಹಾಕಿ. ಆ ಜಾಗದಲ್ಲಿ, ಇದುವರೆಗೆ ಒಟ್ಟು ಎಷ್ಟು ಜನ ನೋಂದಾಯಿಸಿದರು ಎಂಬ ಗ್ರಾಫ್ ಹಾಕಿ. ಒಟ್ಟು ಮೊತ್ತದ ಗೆರೆಗೆ ಕೆಳಗಿಳಿಯುವ ದಾರಿಯೇ ಇಲ್ಲ. ಅಕೌಂಟ್ ತೆರೆದು ಮರುದಿನವೇ ಆ್ಯಪ್ ಅಳಿಸಿದವನೂ ಅದರೊಳಗೆ ಚಿರಂಜೀವಿ. ಆದಾಯ ಎಲ್ಲಿ ಎಂದು ಹೂಡಿಕೆದಾರರು ಕೇಳಿದರೆ ಪಂಚಾಂಗ ತೆರೆಯಿರಿ. ಆಷಾಢದಲ್ಲಿ ಮದುವೆಯಿಲ್ಲ. ಭಾದ್ರಪದದಲ್ಲಿ ಪಿತೃಪಕ್ಷ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಮಾರ್ಚಿನಲ್ಲಿ ಮಕ್ಕಳ ಪರೀಕ್ಷೆ. ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕಮಾಸವೂ ಬಂದು ಕೈಹಿಡಿಯುತ್ತದೆ. ಮದುವೆಯ ವ್ಯಾಪಾರದಲ್ಲಿಲ್ಲದವರು ಐಪಿಎಲ್, ಚುನಾವಣೆ, ಮಳೆ ಇವುಗಳಿಂದ ಕೆಲಸ ಸಾಗಿಸಿ.

ಇಷ್ಟರಲ್ಲಿ ಯಾರೋ ಒಬ್ಬರು ಕೊಳ್ಳುವ ಮಾತೆತ್ತಿಯಾರು. ಇದೇ ಅತ್ಯಂತ ಅಪಾಯದ ಘಟ್ಟ. ನಿಮ್ಮ ಬಳಿ ಸಂಬಳಕ್ಕೆ ದುಡ್ಡಿರುವಾಗ ಬಂದವರ ಜೊತೆ ಚೌಕಾಸಿ ಮಾಡುವ ಶಕ್ತಿ ನಿಮಗಿರುತ್ತದೆ, ಹಾಗಾಗಿ ವ್ಯವಹಾರ ಕುದುರಿಬಿಡುವ ಸಂಭವ ಹೆಚ್ಚು. ತೊಂಬತ್ತರ ದಶಕದಲ್ಲಿ ನಮ್ಮ ಜನ ದೆವ್ವ ಒಳಗೆ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರಲ್ಲ, ಅದನ್ನೇ ಇಮೇಲಿನಲ್ಲಿ ಬರೆಯಿರಿ. ‘ಈ ತ್ರೈಮಾಸಿಕ ಮುಗಿಯಲಿ, ಮಾತಾಡೋಣ’ ಎಂದರೆ ಸಾಕು. ಮೂರು ತಿಂಗಳು ಕಳೆಯುವಷ್ಟರಲ್ಲಿ ಅವರು ನಿಮ್ಮಂಥದ್ದೇ ತಾಣವನ್ನು ತಾವೇ ಕಟ್ಟಿಕೊಂಡಿರುತ್ತಾರೆ. ನಿಮ್ಮ ತಂಡದ ಇಬ್ಬರು ಹುಡುಗರೂ ಅಲ್ಲಿ ಕೆಲಸಕ್ಕೆ ಸೇರಿರುತ್ತಾರೆ.

ಮನಸ್ಸು ಅಳುಕಿದರೆ ಇತಿಹಾಸ ಓದಿ, ಆದರೆ ಒಂದೇ ಪುಟ. 2006ರಲ್ಲಿ ಯಾಹೂ ಸುಮಾರು 100 ಕೋಟಿ ಡಾಲರ್ ಹಿಡಿದು ಬಂದಾಗ ಫೇಸ್‌ಬುಕ್‌ನ ಜ಼ುಕರ್‌ಬರ್ಗ್ ಬೇಡವೆಂದರು. ಆಗ ಅವರಿಗೆ 22 ವರ್ಷ. ಇದನ್ನು ಬಾಯಿಪಾಠ ಮಾಡಿ. ಮುಂದಿನ ಪುಟ ತಿರುವಬೇಡಿ. ಅಲ್ಲಿ 2003ರಲ್ಲಿ ಗೂಗಲ್ ಕೊಡಬಂದ 3 ಕೋಟಿ ಡಾಲರನ್ನು ನಿರಾಕರಿಸಿ, 2015ರಲ್ಲಿ ಸೇವೆ ನಿಲ್ಲಿಸಿದ ಫ್ರೆಂಡ್‌ಸ್ಟರ್ ಇದೆ. 2008ರಲ್ಲಿ ಮೈಕ್ರೋಸಾಫ್ಟ್ ಮುಂದಿಟ್ಟ 4,460 ಕೋಟಿ ಡಾಲರ್ ಕಡಿಮೆಯಾಯಿತೆಂದು ಮುಖ ತಿರುಗಿಸಿದ ಅದೇ ಯಾಹೂ ಇದೆ. 2017ರಲ್ಲಿ ಅದರ ಇಂಟರ್‌ನೆಟ್ ವ್ಯವಹಾರ ವೆರೈಜ಼ನ್‌ಗೆ ಹೋದದ್ದು 448 ಕೋಟಿಗೆ. ಅಲಿಬಾಬಾ ಷೇರುಗಳು ಆ ವ್ಯವಹಾರದಲ್ಲಿ ಸೇರಿರಲಿಲ್ಲ ಎಂದು ಯಾಹೂ ಪರ ವಾದಿಸಬಹುದು. ವಾದಿಸಿ, ಸಮಯ ಕಳೆಯುತ್ತದೆ.

ಬಂದವರು ಪಟ್ಟು ಬಿಡದೆ ಬೆಲೆ ಕೇಳಿದರೆ ಹೀಗೆ ಲೆಕ್ಕ ಹಾಕಿ: ಇದುವರೆಗೆ ಖರ್ಚಾದ ಒಟ್ಟು ಹಣ, ಜೊತೆಗೆ ನೀವು ಹಳೇ ಕೆಲಸದಲ್ಲೇ ಇದ್ದಿದ್ದರೆ ಬರುತ್ತಿದ್ದ ಸಂಬಳ, ಜೊತೆಗೆ ತಲೆಗೂದಲು ಉದುರಿದ್ದಕ್ಕೆ ಪರಿಹಾರ. ಕೊಳ್ಳುವವನು ತನಗೇನು ಸಿಗುತ್ತದೆ ಎಂದು ನೋಡುತ್ತಾನೆಯೇ ಹೊರತು ನೀವೆಷ್ಟು ಕಳೆದುಕೊಂಡಿರಿ ಎಂದಲ್ಲ. ಇದು ಅವನ ಸಣ್ಣತನ, ಮುಖಕ್ಕೇ ಹೇಳಿ. ಇನ್ನು ಹೂಡಿಕೆದಾರರ ಜೊತೆ ಮಾಡಿಕೊಂಡ ಒಪ್ಪಂದವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಅದರಲ್ಲಿ ‘ಲಿಕ್ವಿಡೇಶನ್ ಪ್ರಿಫರೆನ್ಸ್’ ಎಂಬ ಒಂದು ಕಲಮಿರುತ್ತದೆ. ಅವರು 4 ಕೋಟಿ ಹಾಕಿದ್ದು, ಕಂಪನಿ ಮೂರೂವರೆ ಕೋಟಿಗೆ ಮಾರಾಟವಾದರೆ, ಮೂರೂವರೆಯೂ ಅವರಿಗೇ. ನಿಮಗೂ, ಸಂಬಳದ ಬದಲು ಷೇರು ಪಡೆದ ನಿಮ್ಮ ಹುಡುಗರಿಗೂ ಸೊನ್ನೆ. ಇದು ಮೊದಲೇ ಗೊತ್ತಿದ್ದರೆ ‘ನನಗೂ ಹುಡುಗರಿಗೂ ಒಂದು ಪಾಲು ಬಿಟ್ಟುಕೊಡಿ’ ಎಂದು ಹೂಡಿಕೆದಾರರನ್ನು ಕೇಳಬಹುದು. ಏನೂ ಬಾರದಿರುವುದಕ್ಕಿಂತ ಇಷ್ಟಾದರೂ ಬರಲಿ ಎಂದು ಅವರು ಒಪ್ಪಿಬಿಡಲೂಬಹುದು. ಅಷ್ಟಕ್ಕೆಲ್ಲ ಆಸ್ಪದ ಕೊಡಬೇಡಿ. ಕಲಮು ಕೊನೆಯ ದಿನ ಕಣ್ಣಿಗೆ ಬೀಳಲಿ.

ಕೆಟ್ಟ ಮೇಲ್ಪಂಕ್ತಿಗಳಿಂದ ದೂರವಿರಿ. ಬೆಂಗಳೂರಿನಲ್ಲೇ ಒಂದಿದೆ. ಅಪ್ರಮೇಯ ರಾಧಾಕೃಷ್ಣ ತಾವು ಜೊತೆಗೂಡಿ ಕಟ್ಟಿದ ಟ್ಯಾಕ್ಸಿಫಾರ್‌ಶ್ಯೂರ್ ಅನ್ನು 2015ರಲ್ಲಿ ಓಲಾಗೆ ಸುಮಾರು 20 ಕೋಟಿ ಡಾಲರಿಗೆ ಮಾರಿದರು. ಮರುವರ್ಷವೇ ಓಲಾ ಆ ಹೆಸರನ್ನು ಅಳಿಸಿಹಾಕಿತು; ಮಾರಿದವರು ಅದನ್ನು ನೋಡಿಯೂ ಬದುಕಿದರು. ಮುಂದೆ ಅವರು ಮಯಾಂಕ್ ಬಿಡಾವಟ್ಕಾ ಜೊತೆ ಸೇರಿ ಕೂ ಎಂಬ ಸಾಮಾಜಿಕ ಜಾಲತಾಣ ತಂದರು. ಕನ್ನಡದಲ್ಲೇ ಮೊದಲು ಕೂಗಿದ ಆ ಹಳದಿ ಹಕ್ಕಿ ನಿಮಗೆ ನೆನಪಿರಬಹುದು. ಹಣ ಬರುವುದು ನಿಂತಾಗ ದೊಡ್ಡ ಕಂಪನಿಗಳ ಜೊತೆ ಮಾರಾಟದ ಮಾತುಕತೆ ನಡೆಸಿದರು. ಅದು ಮುರಿದುಬಿತ್ತು. 2024ರ ಜುಲೈನಲ್ಲಿ, ಕೂ ಮುಚ್ಚುತ್ತಿದ್ದೇವೆ ಎಂದು ಬಹಿರಂಗವಾಗಿಯೇ ಬರೆದು ಮುಚ್ಚಿದರು. ಒಬ್ಬನೇ ಮನುಷ್ಯ ಒಂದನ್ನು ಮಾರಿ, ಇನ್ನೊಂದನ್ನು ಮುಚ್ಚಿ, ತಲೆಯೆತ್ತಿ ಓಡಾಡುವುದೆಂದರೆ ನಮ್ಮ ಈ ವಿದ್ಯೆಗೆ ಏನು ಬೆಲೆ ಉಳಿಯಿತು?

ಕೊಳ್ಳುವವರು ಹೋದ ಮೇಲೆ ಪಿವಟ್ ಮಾಡಿ. ತಾಣದ ಹೆಸರಿನ ಕೊನೆಯಲ್ಲಿ .ಕಾಮ್ ಇದ್ದದ್ದನ್ನು .ಎಐ ಮಾಡಿ. ಕಲ್ಯಾಣ ಮಂಟಪವನ್ನು ಇನ್ನು ಮುಂದೆ ಯಂತ್ರವೇ ಆರಿಸುತ್ತದೆ ಎಂದು ಘೋಷಿಸಿ. ಮಂಟಪದ ಮ್ಯಾನೇಜರ್ ಫೋನ್ ಎತ್ತದಿರುವ ಹಳೆಯ ಸಮಸ್ಯೆ ಹಾಗೇ ಇರಲಿ. ಕ್ಲೌಡ್ ಕಂಪನಿಯ ಉಚಿತ ಕ್ರೆಡಿಟ್ ಮುಗಿದು ನಿಜವಾದ ಬಿಲ್ ಬರುವ ತಿಂಗಳನ್ನೇ ಇದಕ್ಕೆ ಆರಿಸಿಕೊಳ್ಳಿ.

ಹುಡುಗರಿಗೆ ಏನೂ ಹೇಳಬೇಡಿ. ಶುಕ್ರವಾರ ಪಿಜ್ಜಾ ತರಿಸಿ. ಕೆಲಸ ಬಲ್ಲವರು ಪಿಜ್ಜಾದ ಗಾತ್ರ ನೋಡಿಯೇ ಅಂದಾಜು ಮಾಡಿ ಮೊದಲು ಹೊರಡುತ್ತಾರೆ. ತಂಡದ ಸಲುವಾಗಿಯೇ ಕಂಪನಿ ಕೊಳ್ಳುವವರು ಕೆಲವರಿರುತ್ತಾರೆ. ಆ ಬಾಗಿಲೂ ಹೀಗೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಉಳಿದವರ ಸಂಬಳದಿಂದ ಪಿಎಫ್ ಮತ್ತು ಟಿಡಿಎಸ್ ಮುರಿದುಕೊಳ್ಳಿ, ಆದರೆ ಕಟ್ಟಬೇಡಿ. ಟಿಡಿಎಸ್‌ಗೆ ಮುಂದಿನ ತಿಂಗಳ 7, ಪಿಎಫ್‌ಗೆ 15 ಗಡುವು. ಗಡುವು ಪ್ರತಿ ತಿಂಗಳೂ ಬರುವುದರಿಂದ ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ನೌಕರರಿಂದ ಮುರಿದುಕೊಂಡ ಪಿಎಫ್ ಕಟ್ಟದಿರುವುದನ್ನು ಕಾನೂನು ನಂಬಿಕೆ ದ್ರೋಹದ ಅಪರಾಧವೆಂದು ನೋಡುತ್ತದೆ. ಆದರೆ ನಿಮ್ಮ ಬೋರ್ಡಿನ ಮೇಲೆ ‘ಪ್ರೈವೇಟ್ ಲಿಮಿಟೆಡ್’ ಎಂದಿದೆಯಲ್ಲ, ಹೊಣೆಯೂ ಲಿಮಿಟೆಡ್ ಎಂದು ಧೈರ್ಯವಾಗಿರಿ. ನೋಟಿಸು ಡೈರೆಕ್ಟರ್ ಮನೆ ವಿಳಾಸಕ್ಕೆ ಬಂದಾಗ ನೋಡಿಕೊಳ್ಳೋಣ.

ಮನೆಯಲ್ಲಿ ಅಮ್ಮ ‘ಕಂಪನಿ ಹೇಗೆ ನಡೀತಿದೆಯಪ್ಪಾ’ ಎಂದರೆ ‘ರೌಂಡ್ ಆಗ್ತಿದೆ ಅಮ್ಮ’ ಎನ್ನಿ. ಹೆಂಡತಿಯ ಬಳೆ ಅಡವಿಟ್ಟು ತಂದ ದುಡ್ಡಿಗೆ ‘ಬ್ರಿಡ್ಜ್ ರೌಂಡ್’ ಎಂದು ಹೆಸರಿಡಿ. ಸಲಹೆ ಬೇಕೆನಿಸಿದರೆ ನಿಮ್ಮಷ್ಟೇ ಮುಳುಗಿರುವ ಇನ್ನೊಬ್ಬ ಫೌಂಡರ್‌ನನ್ನು ಕೇಳಿ. ಇನ್ನಾರು ತಿಂಗಳು ತಡಿ ಎಂದೇ ಹೇಳುತ್ತಾನೆ. ಸಿಎಯನ್ನು ಕೇಳಬೇಡಿ, ಅವರು ಲೆಕ್ಕ ತೆಗೆಯುತ್ತಾರೆ.

ಸಿಎ ಹೇಳುವುದೇನೆಂದು ನಾನೇ ಹೇಳಿಬಿಡುತ್ತೇನೆ, ನಂತರ ಮರೆತುಬಿಡಿ. ಕಂಪನಿ ಕಾಯ್ದೆ 2013ರ 248ನೇ ಸೆಕ್ಷನ್ನಿನಡಿ ಕಂಪನಿ ತಾನೇ ಅರ್ಜಿ ಹಾಕಿ ರಿಜಿಸ್ಟರಿನಿಂದ ಹೆಸರು ತೆಗೆಸಿಕೊಳ್ಳಬಹುದು. ಅರ್ಜಿಯ ಹೆಸರು ಎಸ್‌ಟಿಕೆ-2. ಅದಕ್ಕೆ ಮೊದಲು ಸಾಲ, ಬಾಕಿಗಳೆಲ್ಲ ತೀರಿರಬೇಕು, ತಡವಾದ ವಾರ್ಷಿಕ ಲೆಕ್ಕಪತ್ರಗಳೆಲ್ಲ ಸಲ್ಲಿಕೆಯಾಗಿರಬೇಕು, ಶೇ 75ರಷ್ಟು ಬಂಡವಾಳ ಹೊಂದಿದವರು ಒಪ್ಪಬೇಕು ಅಥವಾ ವಿಶೇಷ ನಿರ್ಣಯ ಆಗಬೇಕು. 2023ರಿಂದ ಇಂಥ ಅರ್ಜಿಗಳಿಗೆಂದೇ ಸಿ-ಪೇಸ್ ಎಂಬ ಪ್ರತ್ಯೇಕ ಕೇಂದ್ರವೂ ಇದೆ. ಅಂದರೆ ಮುಚ್ಚುವುದಕ್ಕೂ ದುಡ್ಡು ಬೇಕು, ಆ ದುಡ್ಡು ಇರುವುದು ಈಗ, ಈ ಒಂಬತ್ತು ತಿಂಗಳ ಒಳಗೆ. ಇದನ್ನು ಅರಿತ ಪುಕ್ಕಲರು ಮೂರು ತಿಂಗಳ ಖರ್ಚನ್ನು ತೆಗೆದಿಟ್ಟು, ಹುಡುಗರಿಗೆ ಕೊಡಬೇಕಾದ್ದನ್ನು ಕೊಟ್ಟು, ಮಂಟಪಗಳ ಮುಂಗಡ ಹಿಂದಿರುಗಿಸಿ ಬಾಗಿಲು ಹಾಕುತ್ತಾರೆ. ಮುಂದಿನ ಕಂಪನಿಗೆ ಅದೇ ಹೂಡಿಕೆದಾರರು ಮತ್ತೆ ಫೋನ್ ಎತ್ತುವಂತೆ ಮಾಡಿಕೊಳ್ಳುತ್ತಾರೆ.

ನೀವು ಹಾಗೆ ಮಾಡದೆ, ಲ್ಯಾಪ್‌ಟಾಪ್ ಮಡಚಿ ಮನೆಗೆ ಹೋಗಿಬಿಡಿ. ಕಂಪನಿ ಕಾಗದದಲ್ಲಿ ಉಸಿರಾಡುತ್ತಿರಲಿ. ಆದಾಯ ಸೊನ್ನೆಯಾದರೂ ಆಡಿಟ್ ಮಾಡಿಸಬೇಕು, ಮಾಡಿಸಬೇಡಿ. ವರ್ಷಕ್ಕೆ ಸಲ್ಲಿಸಬೇಕಾದ ಎರಡು ಮುಖ್ಯ ಫಾರ್ಮುಗಳಿಗೆ ದಿನಕ್ಕೆ ತಲಾ ₹100ರಂತೆ ತಡದ ಶುಲ್ಕ ಏರುತ್ತದೆ. ಎರಡಕ್ಕೂ ಸೇರಿ ವರ್ಷಕ್ಕೆ ₹73,000. ನಿಮ್ಮ ಕಂಪನಿಯಲ್ಲಿ ದಿನವೂ ತಪ್ಪದೆ ಬೆಳೆದ ಅಂಕಿ ಇದೊಂದೇ, ಸಂತೋಷಪಡಿ. ಸತತ ಮೂರು ವರ್ಷ ಹೀಗೇ ಬಿಟ್ಟರೆ ಐದು ವರ್ಷ ನೀವು ಬೇರೆ ಯಾವ ಕಂಪನಿಯಲ್ಲೂ ಡೈರೆಕ್ಟರ್ ಆಗುವಂತಿಲ್ಲ. 2017ರಲ್ಲಿ ಸರ್ಕಾರ ಒಮ್ಮೆಲೇ ಮೂರು ಲಕ್ಷಕ್ಕೂ ಹೆಚ್ಚು ಡೈರೆಕ್ಟರುಗಳನ್ನು ಹೀಗೆ ಅನರ್ಹಗೊಳಿಸಿತ್ತು, ಆದ್ದರಿಂದ ಒಂಟಿಯೆಂಬ ಭಾವನೆ ಬೇಡ.

ಕೊನೆಯದಾಗಿ, ಎಸ್‌ಟಿಕೆ-2 ಅರ್ಜಿಯ ಶುಲ್ಕ ₹10,000. ಖಾತೆಯಲ್ಲಿ ಅಷ್ಟೇ ಉಳಿದಿದ್ದರೆ .ಎಐ ಹೆಸರಿನ ನವೀಕರಣಕ್ಕೆ ಹಾಕಿ.