ಎಷ್ಟು ಚೀಲ ಹಿಡಿತದ?

ಹೈದರಾಬಾದಿನ ನಮ್ಮ ಹಿಮಾಯತ್‌ನಗರದಲ್ಲಿ ಹೊಸ ಕಾರು ಕೊಂಡವರು ಮೊದಲು ಬಾಲಾಜಿ ಗುಡಿಗೆ ಹೋಗುವುದು ವಾಡಿಕೆ. ನಾನೂ ಹೋದೆ. ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು, ಬಾನೆಟ್ ಮೇಲೆ ಕುಂಕುಮದ ಸ್ವಸ್ತಿಕ, ಕನ್ನಡಿಗೆ ಚೆಂಡುಹೂವಿನ ಹಾರ. ಮಂಗಳಾರತಿ ಎತ್ತುವ ಹೊತ್ತಿಗೆ ಸರಿಯಾಗಿ ಪಿಕಪ್ ಕಾಕಾ ಬಂದರು. ಸಂತೆಯಲ್ಲಿ ತೆಂಗಿನಕಾಯಿ ಬಡಿದು ನೋಡುತ್ತಾರಲ್ಲ, ಹಾಗೆ ಬೆರಳ ಗೆಣ್ಣಿನಿಂದ ಬಾನೆಟ್ಟನ್ನು ಎರಡು ಸಲ ಬಡಿದರು. ಕಿವಿ ಹತ್ತಿರ ತಂದು ಇನ್ನೊಮ್ಮೆ ಬಡಿದರು. ಆಮೇಲೆ ಹೆಬ್ಬೆರಳಿನಿಂದ ಒತ್ತಿದರು. ತಗಡು ಒಳಗೆ ಹೋಗಿ ‘ಟೊಕ್’ ಎಂದು ಹೊರಗೆ ಬಂತು.

“ಡಬ್ಬಿ ಅದ ತಮ್ಮಾ. ನಿಂಬಿಹಣ್ಣು ಗಟ್ಟಿ ಕಾಣ್ತಾವ, ಹುಷಾರಾಗಿ ಹತ್ತಿಸು.”

ಐದು ವರ್ಷದ ಸಾಲದಲ್ಲಿ ಮೊದಲ ಕಂತನ್ನೂ ನಾನಿನ್ನೂ ಕಟ್ಟಿರಲಿಲ್ಲ.

ಇಂಥವರು ಪ್ರತಿ ಬಡಾವಣೆಯಲ್ಲೂ ಒಬ್ಬರಿರುತ್ತಾರೆ. ಶಿವಮೊಗ್ಗ ಕಡೆಯವರಾದರೆ ಫಾರ್ಗೋ ಬಸ್ಸಿನ ಪುರಾಣ ಹೇಳುತ್ತಾರೆ, ಕೊಡಗಿನವರಾದರೆ ವಿಲ್ಲೀಸ್ ಜೀಪಿನದು. ನಮ್ಮ ಪಾಲಿಗೆ ಬಂದ ಕಾಕಾ ಕಲಬುರಗಿಯವರು. ವಯಸ್ಸು ಎಂಬತ್ತರ ಆಸುಪಾಸು. ಯಾವುದೋ ಕಚೇರಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದರು. ಆ ಮೂವತ್ತು ವರ್ಷಗಳ ಬಗ್ಗೆ ಅವರ ಬಾಯಲ್ಲಿ ಒಂದು ಮಾತೂ ಕೇಳಿಲ್ಲ. ಮಾತೆಲ್ಲ ಒಂದೇ ಗಾಡಿಯದು: ಅವರಪ್ಪ 1951ರಲ್ಲಿ ಕೊಂಡ ಷೆವ್ರೊಲೆ ಪಿಕಪ್. ಆರು ಸಿಲಿಂಡರು, 216 ಘನ ಇಂಚಿನ ಎಂಜಿನ್, ಆರು ವೋಲ್ಟಿನ ಬ್ಯಾಟರಿ, ಸ್ಟೀರಿಂಗ್ ಕಂಬಕ್ಕೇ ಅಂಟಿಕೊಂಡ ಗೇರು, ಕಾಲಲ್ಲಿ ಒತ್ತುವ ಸ್ಟಾರ್ಟರು. ವೈಪರು ಎಂಜಿನ್ನಿನ ಉಸಿರಿನಿಂದ ಓಡುವಂಥದು. ದಿಬ್ಬ ಹತ್ತುವಾಗ ಎಂಜಿನ್ನಿಗೆ ಏದುಸಿರು ಬಂದರೆ ವೈಪರು ನಿಂತುಬಿಡುತ್ತದೆ. ಅಂದರೆ ಮಳೆಯಲ್ಲಿ ಘಾಟಿ ಏರುವಾಗ ಮುಂದಿನದು ಕಾಣುವುದಿಲ್ಲ. ಇದನ್ನೂ ಕಾಕಾ ಗಾಡಿಯ ಗುಣವೆಂದೇ ಹೇಳುತ್ತಾರೆ.

ಗಾಡಿಗೆ ಎಷ್ಟು ಕೊಟ್ಟರು ಎಂದು ಅಪ್ಪಿತಪ್ಪಿಯೂ ಕೇಳಬಾರದು. ಬೆಲೆಯನ್ನು ಅವರು ಹೇಳುವುದು ನಿಜಾಮರ ಹಾಲಿ ಸಿಕ್ಕಾದಲ್ಲಿ; ಭಾರತದ ರೂಪಾಯಿ ಅವರ ಬಾಯಲ್ಲಿ ಕಲ್ದಾರ್. “ಏಳು ಹಾಲಿಗೆ ಆರು ಕಲ್ದಾರ್, ನೀನೇ ಲೆಕ್ಕ ಹಾಕು,” ಎಂದು ಕಣ್ಣು ಮುಚ್ಚಿ ಕಾಯುತ್ತಾರೆ. ನನ್ನ ಲೆಕ್ಕ ಒಂದು ಸಲವೂ ಸರಿಬಂದಿಲ್ಲ.

ಅವರ ಮನೆಯ ಪಡಸಾಲೆಯಲ್ಲಿ ಇಟ್ಟಿಗೆಯ ಮೇಲೆ ಒಂದು ಕಬ್ಬಿಣದ ಹಲಗೆಯಿದೆ. ಬಂದವರು ಕೂರುವುದು ಅದರ ಮೇಲೆ. ಅದು ಆ ಪಿಕಪ್ಪಿನ ಹಿಂಬದಿಯ ಬಾಗಿಲು. ಅದರ ಮೇಲೆ ಕಂಪನಿಯ ಒಂಬತ್ತು ಇಂಗ್ಲಿಷ್ ಅಕ್ಷರಗಳು ಬೆರಳಷ್ಟು ಉಬ್ಬಿ ನಿಂತಿವೆ. ನನಗೆ ಯಾವಾಗಲೂ ‘ವಿ’ ಮತ್ತು ‘ಆರ್’ ಮೇಲೆ ಜಾಗ. ಅರ್ಧ ಗಂಟೆಗೆ ಅಕ್ಷರಾಭ್ಯಾಸ ಶುರುವಾಗುತ್ತದೆ. ಬಾಗಿಲನ್ನು ಹಿಡಿದಿಡುವ ಸರಪಳಿ ಎಡಗಡೆಗೆ ಅಸಲಿ, ಬಲಗಡೆಗೆ ಸುತ್ತಿದ ತಂತಿ. ಕಾಕಾನ ಹೆಂಡತಿ ಕಾಕೂ ತಂದಿಡುವ ಸೂಸಲ, ಚಹಾ ತಪ್ಪದೆ ಸಿಗುತ್ತವೆ ಎಂಬ ಒಂದೇ ಆಸೆಗೆ ನಾನು ಇಷ್ಟೆಲ್ಲ ಸಹಿಸಿದ್ದೇನೆ.

ಕಾಕಾನನ್ನು ಎಲ್ಲಿಗೂ ಕರೆದುಕೊಂಡು ಹೋಗುವ ಹಾಗಿಲ್ಲ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕವಿರಾಜಮಾರ್ಗದ ಮೇಲೆ ಉಪನ್ಯಾಸವಿತ್ತು. ಪ್ರಶ್ನೆ ಕೇಳಿ ಎಂದದ್ದೇ ತಡ, ಕಾಕಾ ಎದ್ದು ನಿಂತು, ಕಾವೇರಿಯಿಂದ ಗೋದಾವರಿಯವರೆಗಿನ ನಾಡು ಅಂದಿರಲ್ಲ, ಅಷ್ಟು ದೂರ ಸರಕು ಹ್ಯಾಂಗ ಸಾಗಿಸ್ತಿದ್ರು ಎಂದು ಕೇಳಿದರು. ಚೌಮಹಲ್ಲಾ ಅರಮನೆಗೆ ಒಮ್ಮೆ ಊರಿನ ನೆಂಟರ ಜೊತೆ ಹೋಗಿದ್ದೆವು. ಅಲ್ಲಿ ನಿಜಾಮರ 1912ರ ರೋಲ್ಸ್ ರಾಯ್ಸ್ ಇದೆ, ಹಳದಿ ಬಣ್ಣದ್ದು, ಹಿಂದೆ ಸಿಂಹಾಸನದಂಥ ಆಸನ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ಕಾಕಾ ಅದನ್ನು ಸುತ್ತು ಹಾಕಿ ಬಂದು ಕಾವಲುಗಾರನನ್ನು ಕೇಳಿದರು: “ಚಂದ ಅದ. ಹಿಂದ ಎಷ್ಟು ಚೀಲ ಹಿಡಿತದ?” ಅವನಿಗೆ ಕನ್ನಡ ತಿಳಿಯಲಿಲ್ಲ. ಕಾಕಾ ಉರ್ದುವಿನಲ್ಲಿ ಇನ್ನೊಮ್ಮೆ ಕೇಳಿದರು. ನಾನು ಹಜಾರದ ದೀಪಗಳನ್ನು ಎಣಿಸುತ್ತ ನಿಂತೆ.

ಇವೆಲ್ಲ ಚಿಲ್ಲರೆ. ನನ್ನ ನಿಜವಾದ ಕಷ್ಟ ಜುಮ್ಮೇರಾತ್ ಬಜಾರಿನದು. ಗುರುವಾರದ ಹಳೆ ಸಾಮಾನಿನ ಸಂತೆ ಅದು. “ನಿನ್ನ ಡಬ್ಬಿ ತಗದಿ ಅಂದ್ರ ಹೋಗಿ ಬರೋಣು, ಚೋಕಿನ ಗುಂಡಿ ಬೇಕಾಗ್ಯದ,” ಎಂದರು. ಬೆಳಿಗ್ಗೆ ಎಂಟಕ್ಕೆ ಹೊರಟೆವು. ದಾರಿಯುದ್ದಕ್ಕೂ ಪಾಠ. 1928ರಿಂದ ಬೊಂಬಾಯಿಯ ಸೇವ್ರಿಯಲ್ಲಿ ಜನರಲ್ ಮೋಟರ್ಸ್‌ನವರು ಬಿಡಿಭಾಗ ತರಿಸಿ ಗಾಡಿ ಜೋಡಿಸುತ್ತಿದ್ದರು. ಬರೀ ಜೋಡಿಸಿದರೆ ಸಾಲದು, ಇಲ್ಲೇ ತಯಾರಿಸಬೇಕು ಎಂದು ಸರ್ಕಾರ ಪಟ್ಟು ಹಿಡಿಯಿತು, 1954ರಲ್ಲಿ ಅವರು ಬಾಗಿಲು ಹಾಕಿದರು. ಇದನ್ನು ಹೇಳುವಾಗ ಕಾಕಾನ ದನಿ ಸ್ವಂತ ಸೋದರಮಾವ ತೀರಿಕೊಂಡಂತೆ ಇಳಿಯುತ್ತದೆ. ಕುರ್ಲಾದಲ್ಲಿ ಪ್ರೀಮಿಯರಿನವರು ಡಾಜ್, ಫಾರ್ಗೋ ಕಟ್ಟಿದರಲ್ಲ ಎಂದು ನಾನು ಸಮಾಧಾನ ಹೇಳಹೋದೆ. “ಅವು ದಾಯಾದ್ರು,” ಎಂದು ಮುಗಿಸಿದರು.

ಸಂತೆಯಲ್ಲಿ ತುಕ್ಕು ಹಿಡಿದ ನಲ್ಲಿ, ಒಂಟಿ ಬೂಟು, ಕಿವಿಯಿಲ್ಲದ ಟೆಲಿಫೋನು, ಇವುಗಳ ನಡುವೆ ಕಾಕಾ ಕುಕ್ಕರಗಾಲಲ್ಲಿ ಕೂತು ಬೋಲ್ಟಿನ ರಾಶಿ ಕೆದಕಿದರು. ಹನ್ನೊಂದೂವರೆಗೆ ಗುಂಡಿ ಸಿಕ್ಕಿತು. ಅಡಕೆಯಷ್ಟು ಗಾತ್ರ, ಕಂದು ಬಣ್ಣ, ಮೇಲೆ ಅರ್ಧ ಅಳಿಸಿದ ಅಕ್ಷರ. ಅಂಗಿಯ ತುದಿಯಿಂದ ಒರೆಸಿ, ಎಂಜಲು ಹಚ್ಚಿ ಇನ್ನೊಮ್ಮೆ ಒರೆಸಿ, ಬಿಸಿಲಿಗೆ ಹಿಡಿದು, ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡರು. ವ್ಯಾಪಾರಿ ನೂರು ಎಂದ. ಕಾಕಾ ಇಪ್ಪತ್ತು ಎಂದರು. ಮುಂದಿನ ಒಂದೂಕಾಲು ಗಂಟೆ ಹೈದರಾಬಾದಿ ಉರ್ದುವಿನಲ್ಲಿ ಇಬ್ಬರೂ ಪರಸ್ಪರರ ಅಪ್ಪಂದಿರ ಯೋಗಕ್ಷೇಮದವರೆಗೆ ಹೋಗಿ ಬಂದರು. ಅರವತ್ತಕ್ಕೆ ಕುದುರಿತು. ಅಷ್ಟರಲ್ಲಿ ನನ್ನ ಕಾರು ಎರಡು ತಳ್ಳುಗಾಡಿಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು. ಬಾಗಿಲಿನ ಮೇಲೊಂದು ಗೀರು. ಕಾಕಾ ಗೀರನ್ನು ಸವರಿ, “ನಾ ಹೇಳಿದ್ದೆ,” ಎಂದರು.

ಹಸಿವು, ಬಿಸಿಲು, ಗೀರು ಮೂರೂ ಸೇರಿ ನನ್ನ ತಲೆ ಕೆಟ್ಟಿತ್ತು. “ಇಷ್ಟೆಲ್ಲ ಮಾಡ್ತೀರಿ ಕಾಕಾ, ಆ ಗಾಡಿ ಎಲ್ಲಿಟ್ಟೀರಿ? ಒಂದಿನ ತೋರಿಸ್ರಿ,” ಎಂದೆ. ಹಿಂಬಾಗಿಲು ಪಡಸಾಲೆಯಲ್ಲಿದೆ ಎಂದಮೇಲೆ ಉಳಿದದ್ದು ಎಲ್ಲೋ ಗ್ಯಾರೇಜಿನಲ್ಲಿ ಬಿಚ್ಚಿ ಬಿದ್ದಿದೆ ಎಂದೇ ಮೂರು ವರ್ಷ ನಂಬಿದ್ದೆ. ನಂಬದೆ ಏನು ಮಾಡಲಿ? ‘ಒಂದೇ ಒದೆತಕ್ಕ ಸ್ಟಾರ್ಟ್ ಆಗ್ತದ’, ‘ಇಪ್ಪತ್ತು ಚೀಲ ತೊಗರಿ ಹೇರಿದ್ರೂ ಮಿಸುಕಂಗಿಲ್ಲ’. ಆ ಮನುಷ್ಯನ ಬಾಯಲ್ಲಿ ಗಾಡಿಯ ಬಗ್ಗೆ ಒಂದು ದಿನವೂ ‘ಆಗ್ತಿತ್ತು’ ಎಂಬ ಮಾತು ಬಂದಿರಲಿಲ್ಲ.

“ಎಪ್ಪತ್ನಾಕರಾಗ ಕಿಲೋದ ಮ್ಯಾಲೆ ಕೊಟ್ಟೆವಲ್ಲ,” ಎಂದರು.

ಎಲ್ಲರೂ ಪೆಟ್ರೋಲ್ ಎಂಜಿನ್ ಕಿತ್ತು ಪರ್ಕಿನ್ಸ್ ಡೀಸೆಲ್ ಕೂರಿಸಿಕೊಳ್ಳುತ್ತಿದ್ದ ಕಾಲ. ಅವರಪ್ಪ ಒಪ್ಪಲಿಲ್ಲ. 1973ರಲ್ಲಿ ಅರಬರು ಎಣ್ಣೆ ಬಿಗಿಹಿಡಿದರು, ಪೆಟ್ರೋಲ್ ಬೆಲೆ ಏರಿತು. ಹೊಟ್ಟೆಬಾಕ ಗಾಡಿ ಅಪ್ಪನ ಅಂಗಡಿಯ ಲಾಭವನ್ನೆಲ್ಲ ಕುಡಿಯತೊಡಗಿತು. ಅಪ್ಪ ಬದುಕಿರುವವರೆಗೆ ಮಗನ ಕೈಗೆ ಕೀಲಿಕೈ ಕೊಟ್ಟದ್ದು ಒಂದೇ ಸಲ. ಗುಜರಿಗೆ ಒಯ್ಯಲು.

“ನಮ್ಮ ಲಿಬರ್ಟಿ ಚೌರಸ್ತಾದಿಂದ ಗುಜರಿತನ ನಾನೇ ಹೊಡ್ಕೊಂಡು ಹೋದೆ. ಎಲ್ಲೂ ನಿಲ್ಲಲಿಲ್ಲ. ಒಮ್ಮೆರೆ ಕೆಟ್ಟು ನಿಂತಿದ್ರ ವಾಪಸ್ ತರ್ತಿದ್ದೆ.” ತೂಗುವ ಮುಂಚೆ ಹಿಂಬಾಗಿಲು ಬಿಚ್ಚಿಕೊಂಡರಂತೆ. ಅದರ ತೂಕದ ದುಡ್ಡು ಕಡಿಮೆಯಾಯಿತೆಂದು ಅಪ್ಪ ಬೈದರಂತೆ. ಸೈಕಲ್ ರಿಕ್ಷಾದಲ್ಲಿ ತರುವಾಗ ಒಂದು ಸರಪಳಿ ದಾರಿಯಲ್ಲೆಲ್ಲೋ ಕಳಚಿ ಬಿತ್ತು.

ಆಮೇಲೆ ಕಾಕಾ ಗಾಡಿಯ ಮಾತು ಬಿಟ್ಟು ರಸ್ತೆಯ ಮಾತು ತೆಗೆದರು. ಕಲಬುರಗಿ, ಹುಮನಾಬಾದ್, ಜಹೀರಾಬಾದ್, ಹೈದರಾಬಾದ್. ತೊಗರಿ ಚೀಲದ ಮೇಲೆ ಮಲಗಿಕೊಂಡು ಬರುತ್ತಿದ್ದ ಹುಡುಗನಿಗೆ ಅದೆಲ್ಲ ಒಂದೇ ಊರು. 1956ರ ನವೆಂಬರ್ 1ಕ್ಕೆ ಕಲಬುರಗಿ ಮೈಸೂರು ರಾಜ್ಯಕ್ಕೆ ಹೋಯಿತು, ಹೈದರಾಬಾದಿನಲ್ಲಿದ್ದ ಅಪ್ಪನ ಅಂಗಡಿ ಆಂಧ್ರಪ್ರದೇಶಕ್ಕೆ ಸೇರಿತು. ಕನ್ನಡ ನಾಡು ಒಂದಾಯಿತೆಂದು ಅಜ್ಜಿ ಊರಲ್ಲಿ ಹೋಳಿಗೆ ಮಾಡಿದ್ದಳಂತೆ. ಮರುವಾರ ಹೋಳಿಗೆ ತಂದದ್ದೂ ಇದೇ ಗಾಡಿಯಲ್ಲಿ, ನಡುವೆ ಹೊಸ ಗಡಿ ದಾಟಿ. ನಾನು ಗೀರಿನ ವಿಷಯ ಎತ್ತಲಿಲ್ಲ.

ಮನಸ್ಸು ತಡೆಯದೆ ಮರುದಿನ ಒಂದು ಸಲಹೆ ಕೊಟ್ಟೆ. ಐವತ್ತು ವರ್ಷ ದಾಟಿದ ಗಾಡಿಗಳಿಗೆಂದು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಇಪ್ಪತ್ತು ಸಾವಿರ ಕಟ್ಟಿದರೆ ಹತ್ತು ವರ್ಷದ ನೋಂದಣಿ, ಬೇರೆಯೇ ನಂಬರ್ ಪ್ಲೇಟು. ಎಲ್ಲಾದರೂ ಇಂಥದೇ ಒಂದು ಸಿಕ್ಕರೆ ಕೊಳ್ಳೋಣ ಎಂದೆ. ನಿಯಮ ಪೂರ್ತಿ ಓದಿಸಿದರು. ಪ್ರದರ್ಶನ, ರ‍್ಯಾಲಿ, ರಿಪೇರಿ, ಎಣ್ಣೆ ಹಾಕಿಸುವುದು, ಇಂಥವಕ್ಕಷ್ಟೇ ರಸ್ತೆಗಿಳಿಸಬಹುದು, ವ್ಯಾಪಾರಕ್ಕೆ ಬಳಸುವಂತಿಲ್ಲ. “ಅಂದ್ರ ಚೀಲ ಹೇರಂಗಿಲ್ಲ?” ಇಲ್ಲ ಎಂದೆ. “ಹಂಗಾದ್ರ ಅದು ಪಿಕಪ್ ಹ್ಯಾಂಗಾತು? ಸುಮ್ನ ಮೆರವಣಿಗಿಗೆ ನಿಮ್ಮ ಡಬ್ಬಿ ಇಲ್ಲೇನು?”

ಚೋಕಿನ ಗುಂಡಿ ಈಗ ಅವರ ದೇವರ ಮನೆಯ ಡ್ರಾಯರಿಗೆ ಹಿಡಿಯಾಗಿದೆ. ಎಳೆದರೆ ಕರ್ಪೂರ ಸಿಗುತ್ತದೆ. ನನಗೂ ರೋಗ ಅಂಟಿದೆ. ಮೊನ್ನೆ ನಾರಾಯಣಗೂಡ ಮೇಲ್ಸೇತುವೆಯ ಕೆಳಗೆ ಗೆಳೆಯನ ಹೊಸ ಕಾರಿನ ಬಾನೆಟ್ಟನ್ನು ಗೆಣ್ಣಿನಿಂದ ಬಡಿದುಬಿಟ್ಟೆ. ಅವನು ಇನ್ನೂ ನನ್ನ ಫೋನ್ ಎತ್ತುತ್ತಿಲ್ಲ.

ಓದುಗರಲ್ಲಿ ಒಂದು ವಿನಂತಿ. ಯಾರ ಹಿತ್ತಿಲಲ್ಲಾದರೂ, ಎಸ್ಟೇಟಿನ ಕೊಟ್ಟಿಗೆಯಲ್ಲಾದರೂ 1951ರ ಷೆವ್ರೊಲೆ ಪಿಕಪ್ಪಿನ ಹಿಂಬಾಗಿಲ ಸರಪಳಿ ಬಿದ್ದಿದ್ದರೆ ತಿಳಿಸಿ. ಬಲಗಡೆಯದು ಬೇಕು. ದುಡ್ಡು ನಾನು ಕೊಡುತ್ತೇನೆ. ಕಿಲೋ ಲೆಕ್ಕದಲ್ಲಿ ಮಾತ್ರ ಹೇಳಬೇಡಿ, ಪಕ್ಕದಲ್ಲೇ ಕಾಕಾ ಕೂತಿರುತ್ತಾರೆ.